ಲ್ಯಾಬ್ ರೆಕಾರ್ಡಿನ ಪಕ್ಕ ಇನ್ನೊಂದು ನೋಟ್‌ಬುಕ್: ಬಿಎಸ್ಸಿ ಜೊತೆ ಫಿಲಾಸಫಿ ಓದುವ ಬಗೆ

ನಮ್ಮಲ್ಲಿ ಫಿಸಿಕ್ಸ್ ಬಿಎಸ್ಸಿ ಪಾಲಿಗೆ ಹೋಗಿದೆ, ಫಿಲಾಸಫಿ ಬಿಎ ಪಾಲಿಗೆ. ಭಾಗವಾದ ಅಣ್ಣತಮ್ಮಂದಿರ ಮನೆಗಳ ಹಾಗೆ ನಡುವೆ ಒಂದು ಗೋಡೆ ಎದ್ದಿದೆ. ಎರಡೂ ಬೇಕು ಅನ್ನುವ ಮಕ್ಕಳಿಗೆ ಅಡ್ಮಿಶನ್ ಕೌಂಟರಿನಲ್ಲಿ ಸಿಗುವ ಉತ್ತರ ಒಂದೇ: "ಆ ಕಾಂಬಿನೇಶನ್ ಇಲ್ಲ." ನಿಜ, ಇಲ್ಲ. ಆದರೆ ಓದುವುದಕ್ಕೆ ಕಾಂಬಿನೇಶನ್ ಯಾಕೆ ಬೇಕು?

ನಾನು ತಿಪಟೂರು ಕಡೆಯವಳು. ಪಿಸಿಎಂ ತೆಗೆದುಕೊಂಡು ಬಿಎಸ್ಸಿ ಮಾಡಿದೆ. ಆಮೇಲೆ ಮಾನಸಗಂಗೋತ್ರಿಯಲ್ಲಿ ಫಿಸಿಕ್ಸ್ ಎಂಎಸ್ಸಿ, ಕೆಲಸಕ್ಕೆ ಸೇರಿದ ಮೇಲೆ ದೂರಶಿಕ್ಷಣದ ಇಗ್ನೋದಲ್ಲಿ ಫಿಲಾಸಫಿ ಎಂಎ. ಈಗ ಡಿಗ್ರಿ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಇಲ್ಲಿ ಬರೆಯುತ್ತಿರುವುದು ನನ್ನ ಲ್ಯಾಬಿನ ಮಕ್ಕಳಿಗೆ ಹೇಳುವ ಮಾತೇ. ಫಿಸಿಕ್ಸ್ ಉದಾಹರಣೆ ಜಾಸ್ತಿ ಬರುತ್ತದೆ, ಸಹಿಸಿಕೊಳ್ಳಿ.

ಮೊದಲು ಡಿಗ್ರಿಯ ವಿಚಾರ ಮುಗಿಸಿಬಿಡೋಣ. ಆಕ್ಸ್‌ಫರ್ಡ್‌ನಲ್ಲಿ ಫಿಸಿಕ್ಸ್ ಮತ್ತು ಫಿಲಾಸಫಿ ಅಂತಲೇ ನಾಲ್ಕು ವರ್ಷದ ಒಂದು ಡಿಗ್ರಿ ಇದೆ. ನಮ್ಮ ದೇಶದಲ್ಲಿ ಹರಿಯಾಣದ ಅಶೋಕ ಯೂನಿವರ್ಸಿಟಿಯಂಥ ಕಡೆ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಳ್ಳಬಹುದು. ಫೀಸು ನೋಡಿಕೊಂಡು ಮುಂದುವರಿಯಿರಿ. ಬೆಂಗಳೂರಿನ ಐಐಎಸ್ಸಿಯಲ್ಲಿ 2011ರಲ್ಲಿ ಶುರುವಾದ ನಾಲ್ಕು ವರ್ಷದ ಡಿಗ್ರಿಯಲ್ಲಿ ವಿಜ್ಞಾನದ ಜೊತೆ ಹ್ಯುಮ್ಯಾನಿಟೀಸ್ ಕೋರ್ಸುಗಳನ್ನೂ ಓದಬೇಕು. ಆದರೆ ಅಲ್ಲಿ ಸೀಟು ಸಿಗುವುದು ಎಷ್ಟು ಜನಕ್ಕೆ? ರಾಜ್ಯದ ಮಾಮೂಲಿ ಕಾಲೇಜುಗಳಲ್ಲಿ 2021ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ನನ್ನ ಮಾತೆಲ್ಲ ಈ ಮೂರು ವರ್ಷದ ಬಿಎಸ್ಸಿಯವರಿಗೆ.

ಇನ್ನೊಂದು ದಾರಿ ಇದೆ. 2022ರಲ್ಲಿ ಯುಜಿಸಿ ಒಟ್ಟಿಗೆ ಎರಡು ಡಿಗ್ರಿ ಓದಬಹುದು ಅಂತ ಹೇಳಿತು. ಒಂದು ಕಾಲೇಜಿಗೆ ಹೋಗಿ, ಇನ್ನೊಂದು ದೂರಶಿಕ್ಷಣದಲ್ಲಿ. ಹಾಗಾಗಿ ಬಿಎಸ್ಸಿ ಜೊತೆ ಇಗ್ನೋದಲ್ಲಿ ಫಿಲಾಸಫಿ ಬಿಎ ಮಾಡುವವರೂ ಇದ್ದಾರೆ. ನಾನು ಇದನ್ನು ಎಲ್ಲರಿಗೂ ಹೇಳುವುದಿಲ್ಲ. ಇಗ್ನೋ ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ, ನಿಮ್ಮ ಸೆಮಿಸ್ಟರ್ ಪರೀಕ್ಷೆಗೂ ಅದಕ್ಕೂ ತಿಕ್ಕಾಟ ಆಗುವ ಸಾಧ್ಯತೆ ಜಾಸ್ತಿ. ಕನ್ನಡದಲ್ಲಿ ಬರೆಯುವವರಿಗೆ ಮಾಧ್ಯಮದ ತೊಂದರೆಯೂ ಇದೆ. ಸರ್ಟಿಫಿಕೇಟ್ ಬೇಕೇ ಬೇಕು ಅನ್ನುವವರು ನಿಮ್ಮ ಯೂನಿವರ್ಸಿಟಿ ಆ ನಿಯಮ ಒಪ್ಪಿದೆಯಾ ಅಂತ ಬರವಣಿಗೆಯಲ್ಲಿ ಕೇಳಿಕೊಂಡು ಮುಂದೆ ಹೋಗಿ. ಬರೀ ಪಾಠ ಸಾಕು ಅನ್ನುವವರಿಗೆ ಇಗ್ನೋ ಪುಸ್ತಕಗಳು ಇ-ಜ್ಞಾನಕೋಶದಲ್ಲಿ ಪುಕ್ಕಟೆ ಸಿಗುತ್ತವೆ. ಸ್ವಯಂ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಫಿಲಾಸಫಿ ಕೋರ್ಸುಗಳಿವೆ. ಕೇಳುವುದಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆದರೆ ಮಾತ್ರ ಫೀಸು.

ಡಿಗ್ರಿ ಆಯಿತು. ಇನ್ನು ಓದುವುದು.

ಎರಡು ವಿಷಯಕ್ಕೆ ಎರಡು ಟೈಮ್‌ಟೇಬಲ್ ಹಾಕಬೇಡಿ. ಬೆಳಿಗ್ಗೆ ಮೆಕ್ಯಾನಿಕ್ಸ್, ರಾತ್ರಿ ಪ್ಲೇಟೋ ಅಂತ ಹೊರಟವರು ಮೊದಲ ಇಂಟರ್ನಲ್ಸ್ ಹೊತ್ತಿಗೆ ಪ್ಲೇಟೋನನ್ನು ಬಿಟ್ಟಿರುತ್ತಾರೆ. ನಿಮ್ಮ ಸಿಲಬಸ್ಸಿನೊಳಗೇ ಇರುವ ಒಂದು ಪ್ರಶ್ನೆ ಹಿಡಿಯಿರಿ. ಒಂದು ಸೆಮಿಸ್ಟರಿಗೆ ಒಂದೇ. ಅದನ್ನು ಲ್ಯಾಬಿನಲ್ಲೂ ನೋಡಿ, ಫಿಲಾಸಫಿಯವರು ಬರೆದದ್ದರಲ್ಲೂ ನೋಡಿ. ಲ್ಯಾಬ್ ರೆಕಾರ್ಡಿನ ಪಕ್ಕ ಇನ್ನೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ಇದಕ್ಕೆ ಯಾರೂ ಸಹಿ ಹಾಕುವುದಿಲ್ಲ, ಹಾಗಾಗಿ ಇದರಲ್ಲಿ ಸುಳ್ಳು ಬರೆಯುವ ಅಗತ್ಯವೂ ಇಲ್ಲ.

ಯಾಕೆ ಹೀಗಂದೆ ಅಂದರೆ, ಸಿಂಪಲ್ ಪೆಂಡುಲಮ್ ತೆಗೆದುಕೊಳ್ಳಿ. ಗುರುತ್ವದ 'ಜಿ' ಕಂಡುಹಿಡಿಯುವ ಪ್ರಯೋಗ. ಎಲ್ಲರಿಗೂ ಉತ್ತರ ಮೊದಲೇ ಗೊತ್ತು: 9.8. ನನ್ನ ಲ್ಯಾಬಿನಲ್ಲಿ ಪ್ರತಿ ವರ್ಷ ಯಾರಾದರೊಬ್ಬರಿಗೆ 10.8 ಬರುತ್ತದೆ. ಅದು ಎಲ್ಲಿಂದ ಬಂತು ಅಂತ ನನಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಸ್ಟಾಪ್‌ಕ್ಲಾಕ್ ಒತ್ತುವಾಗ 'ಸೊನ್ನೆ' ಅನ್ನುವ ಬದಲು 'ಒಂದು' ಅಂದಿರುತ್ತಾರೆ. ಇಪ್ಪತ್ತು ಅಂದಾಗ ನಿಲ್ಲಿಸಿದರೆ ನಿಜವಾಗಿ ಆಗಿರುವುದು 19 ಆಂದೋಲನ. ಭಾಗಿಸುವುದು 20ರಿಂದ. ಅವಧಿ ನೂರಕ್ಕೆ ಐದು ಕಮ್ಮಿ, ಅದರ ವರ್ಗ ಛೇದದಲ್ಲಿ ಕೂತಿರುವುದರಿಂದ 'ಜಿ' ಹತ್ತಿರ ಹತ್ತಿರ ನೂರಕ್ಕೆ ಹನ್ನೊಂದು ಜಾಸ್ತಿ.

ಈಗ ಗಮನಿಸಿ. 10.8 ಬಂದಾಗ ಯಾರಾದರೂ "ನ್ಯೂಟನ್ ತಪ್ಪು" ಅಂದರಾ? ಇಲ್ಲ. ಗಡಿಯಾರ ನೋಡಿದೆವು, ದಾರ ಅಳೆದೆವು, ಎಣಿಕೆ ನೋಡಿದೆವು. 1906ರಲ್ಲಿ ಫ್ರಾನ್ಸಿನ ಪಿಯರ್ ಡ್ಯೂಹೆಮ್ ಹೇಳಿದ್ದು ಇದನ್ನೇ. ಪ್ರಯೋಗ ಒಂದೇ ಒಂದು ಸಿದ್ಧಾಂತವನ್ನು ಒಂಟಿಯಾಗಿ ಹಿಡಿದು ಪರೀಕ್ಷೆ ಮಾಡುವುದಿಲ್ಲ. ಸಿದ್ಧಾಂತ, ಉಪಕರಣ, ಅಳತೆ, ಸಣ್ಣ ಕೋನ ಅನ್ನುವ ಊಹೆ, ಇಷ್ಟೂ ಸೇರಿದ ಒಂದು ಗಂಟು ಪರೀಕ್ಷೆಗೆ ಕೂರುತ್ತದೆ. ಫೇಲಾದಾಗ ಗಂಟಿನಲ್ಲಿ ಯಾವುದು ಕೆಟ್ಟಿದೆ ಅಂತ ಪ್ರಯೋಗ ಹೇಳುವುದಿಲ್ಲ. ನಾವೇ ಆರಿಸಬೇಕು.

ಹಾಗಾದರೆ ಯಾವಾಗಲೂ ಉಪಕರಣವನ್ನೇ ಬೈಯಬಹುದಾ? ಇಲ್ಲಿ ಫ್ರಾನ್ಸಿನ ಖಗೋಳಜ್ಞ ಲೆವೆರ್ಯೆಯ ಕಥೆ ಓದಿ. ಯುರೇನಸ್ ಗ್ರಹ ಲೆಕ್ಕದ ಪ್ರಕಾರ ನಡೆಯುತ್ತಿರಲಿಲ್ಲ. ಲೆವೆರ್ಯೆ ನ್ಯೂಟನ್‌ನನ್ನು ಬಿಡಲಿಲ್ಲ, ಇನ್ನೊಂದು ಗ್ರಹ ಎಳೆಯುತ್ತಿರಬೇಕು ಅಂದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ದೂರದರ್ಶಕ ತಿರುಗಿಸಿದಾಗ ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಸಿಕ್ಕಿತು. ಆಮೇಲೆ ಬುಧಗ್ರಹವೂ ಲೆಕ್ಕ ತಪ್ಪಿತು. ಅದೇ ಮನುಷ್ಯ, ಅದೇ ಉಪಾಯ: ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇರಬೇಕು ಅಂದ. ಅದಕ್ಕೆ ವಲ್ಕನ್ ಅಂತ ಹೆಸರೂ ಬಿತ್ತು. ಹುಡುಕಿದ್ದೇ ಹುಡುಕಿದ್ದು, ಸಿಗಲೇ ಇಲ್ಲ. ಶತಮಾನಕ್ಕೆ 43 ಆರ್ಕ್‌ಸೆಕೆಂಡಿನ ಆ ವ್ಯತ್ಯಾಸ 1915ರಲ್ಲಿ ಐನ್‌ಸ್ಟೈನ್ ಸಿದ್ಧಾಂತದಿಂದ ಬಗೆಹರಿಯಿತು. ಈ ಸಲ ಬದಲಾಗಬೇಕಿದ್ದದ್ದು ನ್ಯೂಟನ್ ನಿಯಮವೇ. ಒಂದು ಸಲ ಗೆದ್ದ ಉಪಾಯ ಇನ್ನೊಂದು ಸಲ ಸೋತಿತು. ಮೊದಲೇ ತಿಳಿಯುವ ದಾರಿ ಇತ್ತಾ? ಈ ಪ್ರಶ್ನೆ ಕೈಯಲ್ಲಿ ಹಿಡಿದುಕೊಂಡು ವಿಜ್ಞಾನದ ಫಿಲಾಸಫಿ ಬರೆದ ಪಾಪ್ಪರ್, ಕೂನ್, ಲಕಾಟೋಸ್ ಇವರನ್ನು ಓದಿ. ಪ್ರಶ್ನೆ ಇಲ್ಲದೆ ಓದಿದರೆ ಮೂರು ಹೆಸರು, ಮೂರು ಡೆಫಿನಿಶನ್, ಐದು ಮಾರ್ಕು ಅಷ್ಟೇ.

ಪೆಂಡುಲಮ್ ಇನ್ನೂ ಮುಗಿದಿಲ್ಲ. 9.79 ಬಂದವರು ಏನು ಮಾಡುತ್ತಾರೆ? ರೆಕಾರ್ಡಿಗೆ ಬರೆದು ಕ್ಯಾಂಟೀನಿಗೆ ಹೋಗುತ್ತಾರೆ. ಅವರ ಎಣಿಕೆಯಲ್ಲಿ ಒಂದು ತಪ್ಪು, ಅಳತೆಯಲ್ಲಿ ಇನ್ನೊಂದು ತಪ್ಪು, ಎರಡೂ ಸೇರಿ ರದ್ದಾಗಿರಬಹುದು. ಯಾರೂ ಹುಡುಕುವುದಿಲ್ಲ. ಉತ್ತರ ತಪ್ಪಿದಾಗ ಮಾತ್ರ ತಪ್ಪು ಹುಡುಕುವುದು ಅನ್ನುವ ಈ ಅಭ್ಯಾಸ ದೊಡ್ಡವರನ್ನೂ ಬಿಟ್ಟಿಲ್ಲ. ಎಣ್ಣೆಹನಿಗಳಿಂದ ಎಲೆಕ್ಟ್ರಾನಿನ ಚಾರ್ಜ್ ಅಳೆದ ಮಿಲಿಕನ್ 1913ರ ತನ್ನ ಲೇಖನದಲ್ಲಿ 58 ಹನಿಗಳ ಲೆಕ್ಕ ಕೊಟ್ಟು, ಇವು ಆರಿಸಿ ತೆಗೆದವಲ್ಲ ಅಂತ ಬರೆದ. ಅವನ ನೋಟ್‌ಬುಕ್‌ಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಹನಿಗಳಿವೆ. ಅದು ಮೋಸವಾ, ಅನುಭವಿಯ ಕಣ್ಣಾ ಅಂತ ಇವತ್ತಿಗೂ ವಾದ ನಡೆಯುತ್ತದೆ. ಗಾಳಿಯ ಸ್ನಿಗ್ಧತೆಗೆ ಅವನು ಹಿಡಿದ ಬೆಲೆ ಸ್ವಲ್ಪ ತಪ್ಪಿದ್ದರಿಂದ ಎಲೆಕ್ಟ್ರಾನಿನ ಚಾರ್ಜೂ ಸ್ವಲ್ಪ ಕಮ್ಮಿ ಬಂದಿತ್ತು. ಆದರೂ 1923ರ ನೊಬೆಲ್ ಅವನಿಗೆ ಬಂತು, ಉತ್ತರ ಹೆಚ್ಚೂಕಮ್ಮಿ ಸರಿಯೇ ಇತ್ತು. ನಿಮ್ಮ ಸಹಿ ಇಲ್ಲದ ನೋಟ್‌ಬುಕ್ಕಿನಲ್ಲಿ ಬಿಟ್ಟ ರೀಡಿಂಗುಗಳನ್ನೂ, ಯಾಕೆ ಬಿಟ್ಟಿರಿ ಅನ್ನುವುದನ್ನೂ ಬರೆದಿಡಿ. ಒಂದು ಸೆಮಿಸ್ಟರ್ ಹೀಗೆ ಮಾಡಿದರೆ ಜ್ಞಾನಮೀಮಾಂಸೆಯ (ತಿಳಿವು ಅಂದರೇನು ಅಂತ ಕೇಳುವ ಫಿಲಾಸಫಿ) ಮೊದಲ ಯೂನಿಟ್ ಅರ್ಧ ಮುಗಿದಂತೆ.

ಬೇರೆ ಸೆಮಿಸ್ಟರಿಗೆ ಯಾವ ಪ್ರಶ್ನೆ ಅಂತ ಕೇಳುವವರಿಗೆ ನನ್ನ ಆಯ್ಕೆ ಇಷ್ಟು. ಮೆಕ್ಯಾನಿಕ್ಸಿನಲ್ಲಿ ಫ್ರೇಮ್ ಆಫ್ ರೆಫರೆನ್ಸ್ ಪಾಠ ಬಂದಾಗ ಲೈಬ್ನಿಜ್ ಮತ್ತು ನ್ಯೂಟನ್ ಪರ ವಾದಿಸಿದ ಕ್ಲಾರ್ಕ್ ನಡುವೆ 1715-16ರಲ್ಲಿ ಓಡಾಡಿದ ಪತ್ರಗಳನ್ನು ಓದಿ. ಇಡೀ ಜಗತ್ತನ್ನು ಇದ್ದ ಹಾಗೇ ಪೂರ್ವಕ್ಕೆ ಸರಿಸಿದ್ದರೆ ಏನಾದರೂ ವ್ಯತ್ಯಾಸ ಆಗುತ್ತಿತ್ತಾ? ಲೈಬ್ನಿಜ್ ಆಗುವುದಿಲ್ಲ ಅನ್ನುತ್ತಾನೆ. ಹಾಗಾದರೆ ತಿರುಗುವ ಬಕೆಟ್ಟಿನಲ್ಲಿ ನೀರು ಅಂಚಿಗೆ ಯಾಕೆ ಏರುತ್ತದೆ ಅಂತ ನ್ಯೂಟನ್ ಕಡೆಯವರು ಕೇಳುತ್ತಾರೆ. ಬಕೆಟ್ಟಿಗೆ ಹಗ್ಗ ಕಟ್ಟಿ ತಿರುಚಿ ಬಿಟ್ಟು ನೋಡಿ, ಹಾಸ್ಟೆಲ್ ಬಾತ್‌ರೂಮಿನಲ್ಲೇ ಆಗುತ್ತದೆ. ಥರ್ಮೋಡೈನಮಿಕ್ಸಿಗೆ 1876ರ ಲೋಶ್ಮಿಟ್ ಆಕ್ಷೇಪ: ಅಣುಗಳ ನಿಯಮ ಹಿಂದಕ್ಕೂ ಮುಂದಕ್ಕೂ ಒಂದೇ ಆಗಿದ್ದರೆ ಎಂಟ್ರೊಪಿ (ಅಸ್ತವ್ಯಸ್ತತೆಯ ಅಳತೆ) ಮಾತ್ರ ಒಂದೇ ಕಡೆ ಯಾಕೆ ಏರಬೇಕು? ಬೋಲ್ಟ್ಸ್‌ಮನ್ ಕೊಟ್ಟ ಉತ್ತರ ನಿಮಗೆ ಒಪ್ಪಿಗೆಯಾ? ಮೂರನೇ ವರ್ಷದ ಕ್ವಾಂಟಮ್‌ಗೆ ಐನ್‌ಸ್ಟೈನ್, ಪೊಡೋಲ್‌ಸ್ಕಿ, ರೋಸೆನ್ ಬರೆದ 1935ರ ಲೇಖನ: ಕ್ವಾಂಟಮ್ ಕೊಡುವ ಚಿತ್ರ ಪೂರ್ತಿಯಾ, ಏನಾದರೂ ಬಿಟ್ಟುಹೋಗಿದೆಯಾ? ನಾಲ್ಕೇ ಪುಟ, ಗಣಿತ ನಿಮ್ಮ ಮಟ್ಟಕ್ಕೆ ಎಟಕುತ್ತದೆ. ಆಮೇಲೆ ಬೆಲ್ 1964ರಲ್ಲಿ ಬರೆದ ಆರು ಪುಟ. ಫಿಲಾಸಫಿ ವಾದ ಅಂತ ಬದಿಗಿಟ್ಟಿದ್ದ ಆ ಪ್ರಶ್ನೆಯನ್ನು ಲ್ಯಾಬಿಗೆ ತಂದವರಿಗೆ 2022ರ ಫಿಸಿಕ್ಸ್ ನೊಬೆಲ್ ಸಿಕ್ಕಿತು.

ಸಿಬಿಝಡ್‌ನವರು (ಕೆಮಿಸ್ಟ್ರಿ, ಬಾಟನಿ, ಜೂವಾಲಜಿ ಓದುವವರು) ಬೇಸರ ಮಾಡಿಕೊಳ್ಳಬೇಡಿ. "ಹೃದಯ ಇರುವುದು ರಕ್ತ ಪಂಪ್ ಮಾಡಲಿಕ್ಕೆ" ಅಂತ ನೀವು ಸರಾಗವಾಗಿ ಬರೆಯುತ್ತೀರಿ. ನಾವು "ಕಲ್ಲು ಬೀಳುವುದು ನೆಲ ಸೇರಲಿಕ್ಕೆ" ಅಂತ ಬರೆದರೆ ಸೊನ್ನೆ. ಈ 'ಲಿಕ್ಕೆ' ನಿಮಗೆ ಮಾತ್ರ ಹೇಗೆ ಸಿಕ್ಕಿತು? ಡಾರ್ವಿನ್ ಬಂದ ಮೇಲೂ ಅದು ಉಳಿದದ್ದು ಹೇಗೆ? ಒಂದು ಸೆಮಿಸ್ಟರಿಗೆ ಧಾರಾಳವಾಗಿ ಸಾಕು.

ಭಾರತೀಯ ದರ್ಶನ ಬಿಡಬೇಡಿ. ಆದರೆ ಸರಿಯಾದ ಬಾಗಿಲಿನಿಂದ ಒಳಗೆ ಹೋಗಿ. ಕ್ವಾಂಟಮ್ ಎಲ್ಲ ವೇದಾಂತದಲ್ಲೇ ಇತ್ತು ಅನ್ನುವ ಬಾಗಿಲು ಬೇಡ. ಶ್ರೋಡಿಂಗರ್ ಉಪನಿಷತ್ತು ಓದಿಕೊಂಡಿದ್ದ, ನಿಜ. 1926ರ ಸಮೀಕರಣವನ್ನು ಅಲ್ಲಿಂದ ಇಳಿಸಿಕೊಳ್ಳಲಿಲ್ಲ. ವಿಜ್ಞಾನದ ವಿದ್ಯಾರ್ಥಿಗೆ ಹೊಂದುವ ಬಾಗಿಲು ನ್ಯಾಯಶಾಸ್ತ್ರ, ಅಂದರೆ ತರ್ಕದ ದರ್ಶನ. ಅನ್ನಂಭಟ್ಟನ ತರ್ಕಸಂಗ್ರಹ ಚಿಕ್ಕ ಪುಸ್ತಕ, ಸಂಸ್ಕೃತ ಪಾಠಶಾಲೆಗಳಲ್ಲಿ ಇವತ್ತಿಗೂ ಮಕ್ಕಳು ಅದರಿಂದಲೇ ಶುರುಮಾಡುತ್ತಾರೆ. ಹತ್ತಿರದಲ್ಲಿ ತರ್ಕ ಓದಿದ ಪಂಡಿತರು ಯಾರಾದರೂ ಇದ್ದರೆ ಹೋಗಿ ಕೂತುಕೊಳ್ಳಿ. ಸೈನ್ಸ್ ಹುಡುಗರು ಬಂದರು ಅಂದರೆ ಅವರಿಗೂ ಖುಷಿ.

ಅಲ್ಲಿನ ಹಳೇ ಉದಾಹರಣೆ ಗೊತ್ತಿರಬಹುದು. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಹಾಗಾಗಿ ಬೆಂಕಿ ಇದೆ. ಹೊಗೆ ಇದ್ದ ಕಡೆ ಬೆಂಕಿ ಇರುತ್ತದೆ, ಅಡುಗೆಮನೆಯ ಹಾಗೆ. ಬೆಂಕಿ ಇಲ್ಲದ ಕಡೆ ಹೊಗೆಯೂ ಇಲ್ಲ, ಮಡುವಿನ ಹಾಗೆ. ನೋಡಿ, ಎರಡನೆಯದು ನಾವು ಲ್ಯಾಬಿನಲ್ಲಿ ಕಂಟ್ರೋಲ್ ಅನ್ನುತ್ತೇವಲ್ಲ, ಅದರ ಹತ್ತಿರದ್ದು. ಈಗ ತಿರುಗಿಸಿ: ಬೆಂಕಿ ಇದ್ದ ಕಡೆಯೆಲ್ಲ ಹೊಗೆ ಇರುತ್ತದಾ? ಕಾದು ಕೆಂಪಾದ ಕಬ್ಬಿಣದ ಗುಂಡು ತೋರಿಸಿ ನ್ಯಾಯಶಾಸ್ತ್ರದವರು ಇಲ್ಲ ಅನ್ನುತ್ತಾರೆ. ಬೆಂಕಿಯಿಂದ ಹೊಗೆ ಬರಬೇಕಾದರೆ ಹಸಿ ಸೌದೆ ಸೇರಬೇಕು. ಬಚ್ಚಲ ಒಲೆ ಊದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ನಡುವೆ ಗುಟ್ಟಾಗಿ ಕೂತ ಷರತ್ತನ್ನು ಅವರು ಉಪಾಧಿ ಅನ್ನುತ್ತಾರೆ. ಎರಡು ಸಂಗತಿ ಒಟ್ಟಿಗೆ ಕಂಡರೆ ಸಂಬಂಧ ಇದೆ ಅನ್ನಬೇಡ, ಮೊದಲು ಉಪಾಧಿ ಹುಡುಕು. ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಕೋರಿಲೇಶನ್ ಪಾಠದಲ್ಲಿ ಕೊಡುವ ಎಚ್ಚರಿಕೆಗೆ ಇದು ಹತ್ತಿರದ ನೆಂಟ.

ಇದಕ್ಕೆ, ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಚಾರ್ವಾಕರು ಬಿಡುತ್ತಾರಾ? ಹಿಂದಿನ, ಮುಂದಿನ, ಎಲ್ಲ ಊರಿನ ಎಲ್ಲ ಹೊಗೆಯನ್ನೂ ನೋಡಿದವರು ಯಾರು ಅಂತ ಕೇಳುತ್ತಾರೆ. ವಿಜಯನಗರ ಕಾಲದ ಸರ್ವದರ್ಶನ ಸಂಗ್ರಹದ ಮೊದಲ ಅಧ್ಯಾಯವೇ ಅವರದು. ಅದನ್ನು ಓದಿ, ಆಮೇಲೆ ಇದೇ ಪ್ರಶ್ನೆಯ ಬಗ್ಗೆ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1748ರಲ್ಲಿ ಬರೆದದ್ದನ್ನು ಓದಿ. ಈ ಕ್ರಮದಲ್ಲೇ ಓದಿ ಅನ್ನುವುದಕ್ಕೆ ಕಾರಣ ಇದೆ. ಹ್ಯೂಮ್‌ನಿಂದ ಶುರುಮಾಡಿದ ಮಕ್ಕಳು ನಾಳೆ ಸೂರ್ಯ ಹುಟ್ಟುವುದು ಖಾತ್ರಿ ಇಲ್ಲವಂತೆ ಅಂತ ನಕ್ಕು ಮುಂದೆ ಹೋಗುತ್ತಾರೆ. ಚಾರ್ವಾಕರಿಂದ ಶುರುಮಾಡಿದವರು ಎದುರಿಗೆ ನ್ಯಾಯಶಾಸ್ತ್ರದ ನೈಯಾಯಿಕನನ್ನೂ ಕಂಡಿರುತ್ತಾರೆ, ಅವನ ಪರವಾಗಿ ಜಗಳ ಆಡುತ್ತಾರೆ.

ಓದುವ ವೇಗದ ಬಗ್ಗೆ ಒಂದು ಮಾತು. ಫಿಲಾಸಫಿಯಲ್ಲಿ ದಿನಕ್ಕೆ ಐದು ಪುಟ ಆದರೆ ಒಳ್ಳೆಯ ದಿನ. ಮೊದಲ ಸಲ ಸುಮ್ನೆ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು, ಲೇಖಕ ಏನು ಸಾಧಿಸಲು ಹೊರಟಿದ್ದಾನೆ ಅನ್ನುವ ವಾಕ್ಯಕ್ಕೆ ಗೆರೆ ಹಾಕಿ. ಹೆಚ್ಚಿನ ಸಲ ಅಂಥದ್ದು ಒಂದೇ ಇರುತ್ತದೆ. ಅದಕ್ಕೆ ಕೊಟ್ಟ ಕಾರಣಗಳಿಗೆ ಒಂದು, ಎರಡು, ಮೂರು ಅಂತ ನಂಬರ್ ಹಾಕಿ. ಆಮೇಲೆ ಪುಸ್ತಕ ಮುಚ್ಚಿ ಅದನ್ನೇ ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷಿನ ವಾಕ್ಯ ಎತ್ತಿ ಬರೆದರೆ ಅರ್ಥವಾಗದಿದ್ದರೂ ಅರ್ಥವಾದ ಹಾಗೆ ಕಾಣುತ್ತದೆ. ಕನ್ನಡದಲ್ಲಿ ಬರೆಯುವಾಗ ಎಲ್ಲಿ ತಡವರಿಸುತ್ತೀರೋ ಅಲ್ಲಿ ತಿಳಿದಿಲ್ಲ ಅಂತ ಲೆಕ್ಕ. ಇಂಗ್ಲಿಷ್ ಮೀಡಿಯಂನವರಿಗೂ ನಾನು ಇದನ್ನೇ ಹೇಳುತ್ತೇನೆ, ಮನೆಮಾತು ಯಾವುದೋ ಅದರಲ್ಲಿ ಬರೆಯಿರಿ.

ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೋಪೀಡಿಯಾ ಆಫ್ ಫಿಲಾಸಫಿ ಅಂತ ಒಂದಿದೆ. ಆನ್‌ಲೈನ್‌ನಲ್ಲಿ ಪುಕ್ಕಟೆ. ಬರೆದವರೆಲ್ಲ ಆಯಾ ವಿಷಯದಲ್ಲಿ ಪಳಗಿದವರು. ಉದ್ದ ನೋಡಿ ಹೆದರಬೇಡಿ. ಪೀಠಿಕೆ ಮತ್ತು ಮೊದಲ ಭಾಗ ಓದಿ, ಉಳಿದದ್ದು ಬೇಕಾದಾಗ. ಯೂಟ್ಯೂಬಿನ ಹತ್ತು ನಿಮಿಷದ ವಿಡಿಯೋಗಳು ರುಚಿ ಹತ್ತಿಸುವುದಕ್ಕೆ ಪರವಾಗಿಲ್ಲ, ಹೊಟ್ಟೆ ತುಂಬುವುದಿಲ್ಲ.

ಬರೆಯುವ ಕ್ರಮ ನಮ್ಮ ಶಾಸ್ತ್ರಗ್ರಂಥಗಳಲ್ಲೇ ಇದೆ. ಮೊದಲು ಪೂರ್ವಪಕ್ಷ (ಎದುರಾಳಿಯ ವಾದ), ಆಮೇಲೆ ಸಿದ್ಧಾಂತ (ನಮ್ಮ ತೀರ್ಮಾನ). ನಿಮಗೆ ಒಪ್ಪಿಗೆಯಿಲ್ಲದ ವಾದವನ್ನು ಅದರ ಪಕ್ಷದವನೇ ಬಂದು "ಹೌದು, ನಾನು ಹೇಳಿದ್ದು ಇದೇ" ಅನ್ನುವ ಹಾಗೆ ಮೊದಲು ಬರೆಯಿರಿ. ಸೈನ್ಸ್ ಮಕ್ಕಳಿಗೆ ಕಷ್ಟ ಆಗುವುದು ಇಲ್ಲೇ. ಅವರಿಗೆ ಉತ್ತರ ಬೇಕು, ಬಾಕ್ಸ್ ಹಾಕಬೇಕು. ಫಿಲಾಸಫಿ ಮಕ್ಕಳಿಗೆ ತದ್ವಿರುದ್ಧ ಕಾಯಿಲೆ: ಎಲ್ಲರೂ ಹೇಳಿದ್ದರಲ್ಲೂ ಸ್ವಲ್ಪ ಸತ್ಯವಿದೆ ಅಂತ ಮುಗಿಸುತ್ತಾರೆ. ಎರಡು ಪುಟದ ಬರಹದಲ್ಲಿ ಒಂದು ಪಕ್ಷ ಹಿಡಿಯಲೇಬೇಕು ಅಂತ ನಾನು ಪಟ್ಟು ಹಿಡಿಯುತ್ತೇನೆ.

ಲಾಜಿಕ್ ಬಿಡುವಂತಿಲ್ಲ. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಅರ್ಧ ದಾರಿ ಸಾಗಿದಂತೆ. ಆಂಡ್, ಆರ್, ನಾಟ್ ಗೇಟುಗಳ ಟ್ರುತ್ ಟೇಬಲ್ಲೇ ಇಲ್ಲೂ, ಡಿ ಮಾರ್ಗನ್ ನಿಯಮವೂ ಅದೇ. ತೊಡಕು ಬರುವುದು 'ಹೀಗಾದರೆ ಹಾಗೆ' ಅನ್ನುವ ವಾಕ್ಯದಲ್ಲಿ. ಮೊದಲರ್ಧ ಸುಳ್ಳಾಗಿದ್ದರೆ ಇಡೀ ವಾಕ್ಯ ನಿಜ ಅನ್ನುವುದು ಯಾರಿಗೂ ತಕ್ಷಣ ಒಗ್ಗುವುದಿಲ್ಲ. ಅದರ ಜೊತೆ ಒಂದೆರಡು ದಿನ ಕುಸ್ತಿ ಮಾಡಿ. ಮತ್ತೆ, ಫಿಲಾಸಫಿ ಹಿಡಿದೆ ಅಂತ ಗಣಿತ ಬಿಡುವ ಕೆಲವರಿದ್ದಾರೆ. ಹಿಲ್ಬರ್ಟ್ ಸ್ಪೇಸ್ ಅನ್ನುವ ಗಣಿತ ಗೊತ್ತಿಲ್ಲದೆ ಕ್ವಾಂಟಮ್ ಫಿಲಾಸಫಿ ಮಾತಾಡುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಎರಡರಲ್ಲಿ ಸಮಯ ಸಾಲದೇ ಹೋದರೆ ಆ ವಾರ ಪ್ರಾಬ್ಲಮ್ ಬಿಡಿಸಿ, ಫಿಲಾಸಫಿಗೆ ರಜೆ ಕೊಡಿ.

ಒಬ್ಬರೇ ಓದಬೇಡಿ. 1902ರಲ್ಲಿ ಬರ್ನ್ ಊರಿನಲ್ಲಿ ಐನ್‌ಸ್ಟೈನ್ ಇಬ್ಬರು ಗೆಳೆಯರನ್ನು, ಹಾಬಿಕ್ಟ್ ಮತ್ತು ಸೊಲೊವಿನ್, ಕೂರಿಸಿಕೊಂಡು ಹ್ಯೂಮ್, ಮಾಖ್, ಪ್ವಾಂಕರೆ ಓದುತ್ತಿದ್ದ. ತಮಾಷೆಗೆ ಅದಕ್ಕೆ ಒಲಿಂಪಿಯಾ ಅಕಾಡೆಮಿ ಅಂತ ಹೆಸರಿಟ್ಟುಕೊಂಡಿದ್ದರು. ಹ್ಯೂಮ್ ಮತ್ತು ಮಾಖ್ ಓದಿದ್ದು ಸಾಪೇಕ್ಷತೆಗೆ ನೆರವಾಯಿತು ಅಂತ ಅವನೇ ಮುಂದೆ ಹೇಳಿದ್ದಾನೆ. ಮೂರು ಜನ ಸಾಕು. ಒಬ್ಬರಾದರೂ ಬಿಎ ಕಡೆಯವರಿರಲಿ, ಒಬ್ಬರಾದರೂ ಸುಲಭಕ್ಕೆ ಒಪ್ಪದವರಿರಲಿ. ವಾಟ್ಸಾಪ್ ಗ್ರೂಪ್ ಮಾಡಬೇಡಿ, ಅದರಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಇನ್ನೇನೂ ನಡೆಯುವುದಿಲ್ಲ. ಬೆಂಗಳೂರಿನಲ್ಲಿರುವವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ನಡೆಯುವ ಬೆಂಗಳೂರು ಸೈನ್ಸ್ ಫೋರಂ ಉಪನ್ಯಾಸಗಳಿಗೆ ಹೋಗಿ. 1962ರಲ್ಲಿ ಅದನ್ನು ಕಟ್ಟಿದ ಎಚ್. ನರಸಿಂಹಯ್ಯನವರು ಫಿಸಿಕ್ಸ್ ಮೇಷ್ಟ್ರು, ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಅನ್ನುತ್ತಿದ್ದವರು. ಉಪನ್ಯಾಸ ಮುಗಿದ ಮೇಲೆ ಎದ್ದು ಒಂದು ಪ್ರಶ್ನೆ ಕೇಳಿ ಬನ್ನಿ.

ಮನೆಯಲ್ಲಿ "ಇದರಿಂದ ಕೆಲಸ ಸಿಗುತ್ತಾ" ಅಂತ ಕೇಳುತ್ತಾರೆ. ಕೇಳಬೇಕು ಕೂಡ, ಫೀಸು ಕಟ್ಟುವವರು ಅವರೇ ಅಲ್ವಾ. ಸುಳ್ಳು ಹೇಳಬೇಡಿ: ಫಿಲಾಸಫಿ ಒಂದನ್ನೇ ನಂಬಿದರೆ ಕೆಲಸ ಕಮ್ಮಿ. ಬಿಎಸ್ಸಿ ಕೈಯಲ್ಲಿದೆ, ಅದರ ಜೊತೆ ಇದು ಅಂತ ಹೇಳಿ. ಮುಂದೆ ಫಿಲಾಸಫಿಯಲ್ಲೇ ಹೋಗಬೇಕು ಅನ್ನಿಸಿದರೆ ಹೈದರಾಬಾದ್ ವಿಶ್ವವಿದ್ಯಾಲಯ, ಜೆಎನ್‌ಯು ಮುಂತಾದ ಕಡೆ ಎಂಎ ಇದೆ. 2021ರಿಂದ ಗೇಟ್ ಪರೀಕ್ಷೆಯಲ್ಲೂ ಹ್ಯುಮ್ಯಾನಿಟೀಸ್ ಪೇಪರ್ ಬಂದಿದೆ, ಅದರಲ್ಲಿ ಫಿಲಾಸಫಿ ಆರಿಸಿಕೊಳ್ಳಬಹುದು. ಫಿಸಿಕ್ಸ್ ಎಂಎಸ್ಸಿಗೆ ಜಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆಯುವವರಿಗೆ ಅದು ಫೆಬ್ರವರಿಯಲ್ಲಿ. ಅವರು ಮೂರನೇ ವರ್ಷದ ಡಿಸೆಂಬರ್‌ನಿಂದಲೇ ಆ ಎರಡನೇ ನೋಟ್‌ಬುಕ್ಕನ್ನು ಟ್ರಂಕಿಗೆ ಹಾಕಿ, ಪರೀಕ್ಷೆ ಮುಗಿದ ಮೇಲೆ ತೆಗೆದರೆ ಸಾಕು.